ಕೂಸು ಯಾಕ ಮಲಗವಲ್ದು?

(ಕಮಲಾಪುರದ ಕಲಿಕಾ ಕೇಂದ್ರದಲ್ಲಿ ತಾಯಂದಿರ ಮುಂದೆ ಆಡಿದ ಮಾತು)





ಇವತ್ತು ಅಕ್ಷರ ತಿದ್ದುವುದು ಬೇಡ. ಪುಸ್ತಕ ಬದಿಗೆ ಇಡಿರಿ. ಇವತ್ತು ನಿದ್ದೆಯ ಮಾತು ಆಡೋಣ. ನಮ್ಮ ನಿದ್ದೆ ಅಲ್ಲ, ನಮ್ಮ ಕೂಸುಗಳ ನಿದ್ದೆ. ಕೂಸಿಗೆ ನಿದ್ದೆ ಇಲ್ಲದಿದ್ದರೆ ತಾಯಿಗೂ ನಿದ್ದೆ ಇಲ್ಲ. ಹಾಗಾಗಿ ಎರಡೂ ಒಂದೇ ಮಾತು.

ಈ ಮಾತು ಯಾಕೆ ಬಂತು, ಹೇಳುತ್ತೇವೆ. ನಮ್ಮ ಕೇಂದ್ರಕ್ಕೆ ಬರುವ ಒಬ್ಬ ತಂಗಿ ಪಾಠದ ನಡುವೆ ತೂಕಡಿಸುತ್ತಿದ್ದಳು. ಮೊದಲು ಹಾಗೆ ಇರಲಿಲ್ಲ. ಎಲ್ಲರಿಗಿಂತ ಮುಂದೆ ಕುಳಿತು ಓದುವ ಹೆಣ್ಣುಮಗಳು. ಎರಡು ದಿನ ನೋಡಿದೆವು, ಮೂರು ದಿನ ನೋಡಿದೆವು. ಆಮೇಲೆ ಕೇಳಿದೆವು.

"ಏನವ್ವ, ಮೈಯಾಗ ಆರಾಮಿಲ್ಲೇನು?"

"ನನಗೇನೂ ಆಗಿಲ್ರಿ ಟೀಚರ್. ನನ್ನ ಕೂಸು ಮಲಗವಲ್ದು. ಹದಿನೈದು ದಿನ ಆತು. ಮೊದಲ ಒಂದು ಸಲ ಮಲಗಿದ್ರ ಮುಂಜಾನಿತನ ಏಳ್ತಿದ್ದಿಲ್ಲ. ಈಗ ನಡುರಾತ್ರಿ ಏಳ್ತದ, ಎರಡು ತಾಸು ಅಳ್ತದ. ಅತ್ತಿ ನೆದರ ಆಗ್ಯಾದ ಅಂತಾಳ. ಗಂಡ ನನಗ ಬೈತಾನ. ನಾ ಏನ್ ಮಾಡ್ಲಿರಿ?"

ಅವಳು ಒಪ್ಪಿದ ಮೇಲೆಯೇ ಈ ಕಥೆ ನಿಮಗೆ ಹೇಳುತ್ತಿದ್ದೇವೆ. ಹೆಸರು ಮಾತ್ರ ಹೇಳುವುದಿಲ್ಲ. ಊರು ಸಣ್ಣದು. ಯಾರೆಂದು ಕೆಲವರಿಗೆ ತಿಳಿದಿರಬಹುದು. ತಿಳಿದವರು ಸುಮ್ಮನಿರಿ.

ಅವಳ ಮಗನಿಗೆ ಆಗ ಒಂದು ವರ್ಷ ಹತ್ತು ತಿಂಗಳು. ಓಡಾಡುತ್ತಾನೆ. "ಅವ್ವ, ಆಯಿ, ನೀರು, ಬಾ" ಎಂದು ಮಾತಾಡುತ್ತಾನೆ. ಉಣ್ಣುತ್ತಾನೆ. ಆರಾಮಿದ್ದ ಕೂಸು. ರಾತ್ರಿ ಮಾತ್ರ ಹೀಗೆ.

ಮೊದಲು ಒಂದು ಮಾತು ತಿಳಿದುಕೊಳ್ಳಿ. ಇದು ಆ ಮನೆಯ ತ್ರಾಸು ಮಾತ್ರ ಅಲ್ಲ. ಚೆನ್ನಾಗಿ ಮಲಗುತ್ತಿದ್ದ ಕೂಸು ಒಂದು ದಿನ ಇದ್ದಕ್ಕಿದ್ದಂತೆ ನಿದ್ದೆ ಬಿಡುವುದು ಎಲ್ಲ ಊರಲ್ಲೂ ಉಂಟು, ಎಲ್ಲ ದೇಶದಲ್ಲೂ ಉಂಟು. ಒಂದರಿಂದ ಮೂರು ವರ್ಷದ ಒಳಗೆ ಬಹಳ ಕೂಸುಗಳಿಗೆ ಹೀಗೆ ಆಗುತ್ತದೆ. ತಾಯಿ ಹಾಲು ಕೆಟ್ಟದ್ದು ಅಂತಲ್ಲ. ಸೊಸೆಗೆ ಕೂಸು ನೋಡಲು ಬರುವುದಿಲ್ಲ ಅಂತಲೂ ಅಲ್ಲ.

ಕೂಸಿಗೆ ಎಷ್ಟು ನಿದ್ದೆ ಬೇಕು? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಂದು ಲೆಕ್ಕ ಕೊಟ್ಟಿದೆ. ಒಂದು ಮತ್ತು ಎರಡು ವರ್ಷದ ಕೂಸಿಗೆ ದಿನಕ್ಕೆ 11ರಿಂದ 14 ತಾಸು. ಮೂರು, ನಾಲ್ಕು ವರ್ಷದವರಿಗೆ 10ರಿಂದ 13 ತಾಸು. ಇದರಲ್ಲಿ ಹಗಲು ನಿದ್ದೆಯೂ ಸೇರಿದೆ. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ. ಹಗಲು ನಿದ್ದೆ ಬೇರೆ ಅಲ್ಲ. ಅದೂ ಅದೇ ಗಂಟಿನ ರೊಕ್ಕ. ಹಗಲು ಖರ್ಚು ಮಾಡಿದರೆ ರಾತ್ರಿಗೆ ಕಡಿಮೆ ಉಳಿಯುತ್ತದೆ.

ಇನ್ನೊಂದು ಮಾತು. ನಿದ್ದೆ ಬಾವಿಗೆ ಕಲ್ಲು ಬಿದ್ದಂತೆ ಅಲ್ಲ. ಬಿದ್ದರೆ ಬಿತ್ತು, ತಳದಲ್ಲೇ ಉಳಿಯಿತು ಎಂದಲ್ಲ. ಅದು ಬಾವಿಗೆ ಬಿಟ್ಟ ಕೊಡದ ಹಾಗೆ. ಕೆಳಗೆ ಹೋಗುತ್ತದೆ, ಮೇಲೆ ಬರುತ್ತದೆ. ಸಣ್ಣ ಕೂಸಿಗೆ ಸುಮಾರು ಒಂದು ತಾಸಿಗೆ ಒಮ್ಮೆ ನಿದ್ದೆ ತೆಳುವಾಗುತ್ತದೆ. ನಮಗೂ ಹೀಗೇ ಆಗುತ್ತದೆ. ನಾವು ಮಗ್ಗಲು ಬದಲಿಸಿ, ಚಾದರ ಎಳೆದುಕೊಂಡು ಮತ್ತೆ ಮಲಗುತ್ತೇವೆ. ಬೆಳಿಗ್ಗೆ ಅದರ ನೆನಪೂ ಇರುವುದಿಲ್ಲ. ಕೂಸು ಆ ಹೊತ್ತಿನಲ್ಲಿ ಒಂದು ಸಲ ಸುತ್ತ ನೋಡುತ್ತದೆ. ಮಲಗುವಾಗ ಇದ್ದದ್ದೆಲ್ಲ ಹಾಗೇ ಇದೆಯೋ ಇಲ್ಲವೋ? ಇದ್ದರೆ ಮಲಗುತ್ತದೆ. ಇಲ್ಲದಿದ್ದರೆ ಅಳುತ್ತದೆ.

ನೀವೇ ಯೋಚಿಸಿ. ರಾತ್ರಿ ನಿಮ್ಮ ಮನೆಯಲ್ಲಿ, ನಿಮ್ಮ ಕೌದಿಯಲ್ಲಿ ಮಲಗಿದ್ದೀರಿ. ನಡುರಾತ್ರಿ ಕಣ್ಣು ಬಿಟ್ಟಾಗ ಕಮಲಾಪುರ ಬಸ್ ಸ್ಟ್ಯಾಂಡಿನಲ್ಲಿ ಇದ್ದೀರಿ! ಚೀರುತ್ತೀರೋ ಇಲ್ಲವೋ? ತಾಯಿ ಮಡಿಲಲ್ಲಿ ಮಲಗಿದ ಕೂಸು ಎದ್ದಾಗ ಒಂಟಿಯಾಗಿ ತೊಟ್ಟಿಲಲ್ಲಿ ಇದ್ದರೆ ಅದಕ್ಕೂ ಹಾಗೆಯೇ.

ಈಗ ನಮ್ಮ ತಂಗಿಯ ಮನೆಗೆ ಬರೋಣ. ಕೂಸು ಯಾಕೆ ಏಳುತ್ತದೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿದರು. ಅತ್ತೆಗೆ ನೆದರು. ಗಂಡನಿಗೆ ಹೆಂಡತಿಯ ಮುದ್ದು. ಪಕ್ಕದ ಮನೆಯವರಿಗೆ ಕೆಂಪು ಬಾಳೆಹಣ್ಣು. "ರಾತ್ರಿ ಬಾಳಿಹಣ್ಣು ತಿಂದ್ರ ಥಂಡಿ ಆಗ್ತದ, ಅದಕ್ಕ ಮಲಗವಲ್ದು" ಎಂದರಂತೆ. ಕಮಲಾಪುರದಲ್ಲಿ ಕುಳಿತು ಕಮಲಾಪುರದ ಬಾಳೆಹಣ್ಣಿಗೆ ಬೈದರೆ ಹೇಗೆ? ಹಣ್ಣಿನ ತಪ್ಪು ಏನೂ ಇರಲಿಲ್ಲ.

ಪಕ್ಕದ ಮನೆಯ ಇನ್ನೊಬ್ಬರು ಬೇರೆ ಉಪಾಯ ಹೇಳಿದರು. "ಕೆಮ್ಮಿನ ಔಷಧ ಒಂದು ಚಮಚ ಹಾಕು. ಮುಂಜಾನಿತನ ಗಪ್ ಮಲಗ್ತದ. ನಾ ನನ್ನ ಮಗಳಿಗಿ ಹಾಕ್ತಿದ್ದೆ."

ತಂಗಿ ಹಾಕಿದಳು. ಕೂಸಿಗೆ ಕೆಮ್ಮು ಇರಲಿಲ್ಲ. ಮೊದಲ ರಾತ್ರಿ ಒಂದು ಚಮಚ. ಕೂಸು ಮಲಗಿತು. ಅವಳೂ ಮಲಗಿದಳು. ಹದಿನೈದು ದಿನದ ಮೇಲೆ ಮಲಗಿದ ತಾಯಿಗೆ ಅದು ಅಮೃತ ಅನಿಸಿತು. ಮೂರನೇ ರಾತ್ರಿ ಒಂದು ಚಮಚ ಸಾಲಲಿಲ್ಲ. ಎರಡು ಹಾಕಿದಳು. ನಾಲ್ಕನೇ ದಿನ ಅವಳು ಕೆಲಸಕ್ಕೆ ಹೋದ ಮೇಲೆ ಹತ್ತು ಗಂಟೆಯಾದರೂ ಕೂಸು ಏಳಲಿಲ್ಲ. ಅತ್ತೆ ಎತ್ತಿ ಕೂಡಿಸಿದರೆ ಕುತ್ತಿಗೆ ವಾಲುತ್ತಿತ್ತು. ಕಣ್ಣು ತೆರೆದು ಮತ್ತೆ ಮುಚ್ಚುತ್ತಿತ್ತು. ಆ ಮುದುಕಿ ಗಟ್ಟಿಗಿತ್ತಿ. ನೆದರು ಎಂದು ಕುಳಿತುಕೊಳ್ಳಲಿಲ್ಲ. ಆಶಾ ಕಾರ್ಯಕರ್ತೆಯನ್ನು ಕೂಗಿದಳು. ಆಶಾ 108ಕ್ಕೆ ಫೋನ್ ಮಾಡಿದರು. ಕಲಬುರಗಿಯ ದೊಡ್ಡ ದವಾಖಾನೆಗೆ ಒಯ್ದರು. ಔಷಧದ ಬಾಟಲಿಯನ್ನೂ ಜೊತೆಗೆ ಒಯ್ದದ್ದು ಬಹಳ ಒಳ್ಳೆಯದಾಯಿತು. ಡಾಕ್ಟರು ಮೊದಲು ಕೇಳಿದ್ದೇ ಅದನ್ನು.

ಕೂಸು ಒಂದು ದಿನ ದವಾಖಾನೆಯಲ್ಲಿ ಇತ್ತು. ಉಳಿಯಿತು. ಮನೆಗೆ ಬಂತು. ಈಗ ಆರಾಮಿದೆ. ಮೊದಲೇ ಹೇಳಿಬಿಟ್ಟೆವು, ಯಾಕೆಂದರೆ ನೀವೆಲ್ಲ ಸೆರಗು ಬಾಯಿಗೆ ಹಿಡಿದು ಕುಳಿತಿದ್ದೀರಿ.

ಆ ಔಷಧದಲ್ಲಿ ಏನಿರುತ್ತದೆ? ನೆಗಡಿ-ಕೆಮ್ಮಿನ ಕೆಲವು ಔಷಧಗಳಲ್ಲಿ ಮಂಪರು ತರುವ ಮದ್ದು ಇರುತ್ತದೆ. ಅದು ನಿದ್ದೆ ಅಲ್ಲ, ಮಂಪರು. ಸಣ್ಣ ಕೂಸಿಗೆ ಅದು ಉಸಿರಿನ ಮೇಲೆ ಬೀಳಬಹುದು, ಎದೆ ಬಡಿತದ ಮೇಲೆ ಬೀಳಬಹುದು. 2023ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರದ ಔಷಧ ಇಲಾಖೆಯವರು ಇಂಥ ಒಂದು ಜೋಡಿ ಮದ್ದಿನ ಬಾಟಲಿ ಮೇಲೆ 4 ವರ್ಷದ ಕೆಳಗಿನ ಮಕ್ಕಳಿಗೆ ಬಳಸಬಾರದು ಎಂದು ಬರೆಯಲೇಬೇಕು ಎಂದು ಆದೇಶ ಮಾಡಿದರು. ಬಾಟಲಿ ಮೇಲಿನ ಬರಹ ಇಂಗ್ಲಿಷು. ನಮ್ಮ ತಾಯಂದಿರು ಕಷ್ಟಪಟ್ಟು ಕನ್ನಡ ಕಲಿತರೆ ಔಷಧ ಇಂಗ್ಲಿಷಿನಲ್ಲಿ ಮಾತಾಡುತ್ತದೆ! ಇದು ನಮಗೆ ಸಿಟ್ಟು ತರಿಸುವ ಸಂಗತಿ. ಆದರೆ ಅಂಕಿ ನಿಮಗೆ ಗೊತ್ತು. ಬಾಟಲಿ ತಿರುಗಿಸಿ ನೋಡಿ. ಅಂಕಿ ಕಂಡರೆ ಬೆರಳಿಟ್ಟು ಅಂಗಡಿಯವನನ್ನು ಕೇಳಿ: "ಇದು ಎಷ್ಟು ವರ್ಷದ ಕೂಸಿಗಿ? ಓದಿ ಹೇಳ್ರಿ." ಕೇಳಲು ನಾಚಿಕೆ ಬೇಡ.

2025ರಲ್ಲಿ ಮಧ್ಯಪ್ರದೇಶದ ಛಿಂದವಾಡಾ ಜಿಲ್ಲೆಯಲ್ಲಿ ಆದದ್ದು ನೀವು ಟಿವಿಯಲ್ಲಿ ನೋಡಿರಬಹುದು. ಅಲ್ಲಿ ಕೆಮ್ಮಿನ ಔಷಧವೊಂದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಸೇರಿತ್ತು. ಮಕ್ಕಳ ಕಿಡ್ನಿ ಕೆಟ್ಟವು. 20ಕ್ಕೂ ಹೆಚ್ಚು ಮಕ್ಕಳು ಸತ್ತರು. ಅವರೆಲ್ಲ ಕೆಮ್ಮಿಗಾಗಿ ಔಷಧ ಕುಡಿದ ಮಕ್ಕಳು. ಆಗ ಕೇಂದ್ರ ಆರೋಗ್ಯ ಇಲಾಖೆ ಒಂದು ಸೂಚನೆ ಕೊಟ್ಟಿತು. ಎರಡು ವರ್ಷದ ಒಳಗಿನ ಕೂಸಿಗೆ ನೆಗಡಿ-ಕೆಮ್ಮಿನ ಔಷಧ ಕೊಡಬಾರದು. ಐದು ವರ್ಷದ ಒಳಗೂ ಸಾಮಾನ್ಯವಾಗಿ ಬೇಡ. ಕೆಮ್ಮಿಗೇ ಬೇಡ ಎಂದ ಮೇಲೆ ನಿದ್ದೆಗೆ ಹಾಕುವ ಮಾತೆಲ್ಲಿ?

ತಂಗಿಗೆ ನಾವು ಬೈಯಲಿಲ್ಲ. ಕೂಸನ್ನು ಮಂಪರಿನಲ್ಲಿ ಇಡುವ ರೂಢಿ ಇವತ್ತಿನದಲ್ಲ. ಹಿಂದೆ ಮುಂಬೈ ಬಟ್ಟೆ ಗಿರಣಿಗೆ ದುಡಿಯಲು ಹೋಗುತ್ತಿದ್ದ ತಾಯಂದಿರು ಕೂಸಿಗೆ ಅಫೀಮಿನ ಗುಳಿಗೆ ಕೊಟ್ಟು ಹೋಗುತ್ತಿದ್ದರು. ಅದಕ್ಕೆ ಬಾಲಗೋಳಿ ಎನ್ನುತ್ತಿದ್ದರು. ಅವರೇನು ಕೆಟ್ಟ ತಾಯಂದಿರೇ? ಹತ್ತು ತಾಸು ದುಡಿಮೆ. ಕೂಸು ನೋಡುವವರಿಲ್ಲ. ದುಡಿಯುವ ತಾಯಿಗೆ ನೆರವು ಇಲ್ಲದಾಗ ಬಾಟಲಿ ನೆರವಿಗೆ ಬರುತ್ತದೆ. ಆದರೆ ಅದು ನೆರವಲ್ಲ.

ದವಾಖಾನೆಯಿಂದ ಬಂದ ಮೇಲೆ ಕೂಸು ಮತ್ತೆ ರಾತ್ರಿ ಏಳಲು ಶುರು ಮಾಡಿತು. ಆಗ ಒಂದು ಕೆಲಸ ಮಾಡಿದೆವು. "ನಿನ್ನ ನೋಟುಬುಕ್ಕಿನ್ಯಾಗ ಒಂದು ಹಾಳಿ ಬಿಡು. ದಿನಾ ನಾಲ್ಕು ಸಾಲು ಬರಿ. ಕೂಸು ಯಾವಾಗ ಮಲಗ್ತು, ಯಾವಾಗ ಎದ್ದಿತು, ಹಗಲ ಎಷ್ಟು ಮಲಗ್ತು, ಸಂಜಿಗಿ ಏನು ತಿಂತು. ಒಂದು ವಾರ ಬರಿ. ಆಮ್ಯಾಲ ನೋಡಮು" ಎಂದೆವು.

ಬರೆದಳು. ಒಂದು ವಾರದ ಮೇಲೆ ತಂದು ತೋರಿಸಿದಳು. ಅಕ್ಷರ ದೊಡ್ಡ ದೊಡ್ಡವು. "ನಿದ್ದಿ" ಎಂಬಲ್ಲಿ ಒತ್ತು ಬಿಟ್ಟು "ನಿದಿ" ಎಂದು ಏಳು ಸಲ ಬರೆದಿದ್ದಳು. ನಾವು ಶಾಲೆಯ ಟೀಚರ್. ತಪ್ಪು ಕಂಡರೆ ಕೈ ತಾನೇ ಕೆಂಪು ಪೆನ್ನಿಗೆ ಹೋಗುತ್ತದೆ. ಆ ದಿನ ಹೋಗಲಿಲ್ಲ.

ಆ ಹಾಳೆಯಲ್ಲಿ ಏನಿತ್ತು? ಏಳು ದಿನವೂ ಕೂಸು ಸಂಜೆ 5ರಿಂದ 7ರ ತನಕ ಮಲಗಿತ್ತು. ಏಳು ದಿನವೂ 7 ಗಂಟೆಗೆ ಚಾ-ಬಿಸ್ಕೀಟು. ರಾತ್ರಿ ಮಲಗಿದ್ದು 11ಕ್ಕೆ. ಎದ್ದದ್ದು 1ಕ್ಕೆ, ಮತ್ತೆ 3ಕ್ಕೆ, ಮತ್ತೆ 4ಕ್ಕೆ. ಒಂದು ದಿನ ಮಾತ್ರ ಕೂಸು ಒಂದೇ ಸಲ ಎದ್ದಿತ್ತು. ಯಾವ ದಿನ? ಭಾನುವಾರದ ರಾತ್ರಿ. ಭಾನುವಾರ ತಾಯಿಗೆ ರಜೆ. ಹಗಲೆಲ್ಲ ಮನೆಯಲ್ಲೇ ಇದ್ದಳು.

ಆಗ ನಮಗೆ ಹೊಳೆಯಿತು. ಈ ತಂಗಿ ಕಲಬುರಗಿಯ ದಾಲ್ ಮಿಲ್ಲಿಗೆ ಹೋಗುತ್ತಾಳೆ. ತೊಗರಿ ಬೇಳೆ ಆರಿಸುವ ಕೆಲಸ. 2023ರ ಜೂನ್‌ನಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆದ ಮೇಲೆ ಕಮಲಾಪುರದಿಂದ ಕಲಬುರಗಿಗೆ ದಿನಾ ಹೋಗಿಬರುವುದು ಸುಲಭವಾಗಿದೆ. ಹೋದರೆ ರೊಕ್ಕ ಕೈಯಲ್ಲೇ ಉಳಿಯುತ್ತದೆ. ಅವಳು ಕೆಲಸಕ್ಕೆ ಸೇರಿ ಮೂರು ವಾರ ಆಗಿತ್ತು. ಕೂಸು ನಿದ್ದೆ ಬಿಟ್ಟಿದ್ದೂ ಅದೇ ದಿನಗಳಲ್ಲಿ.

"ಮುಂಜಾನೆ ಹೆಂಗ ಹೋಗ್ತಿ?" ಎಂದು ಕೇಳಿದೆವು.

"ಕೂಸು ಮಲಗಿರ್ತದ್ರಿ. ಎದ್ರ ಕಾಲು ಹಿಡದು ಅಳ್ತದ. ಅದಕ್ಕ ಸಪ್ಪಳ ಮಾಡದಂಗ ಎದ್ದು, ಕತ್ತಲದಾಗ ಕಳ್ಳರಂಗ ಹೋಗಿಬಿಡ್ತೀನಿ."

ನೋಡಿದಿರಾ? ಕೂಸು ರಾತ್ರಿ ತಾಯಿಯ ಪಕ್ಕ ಮಲಗುತ್ತದೆ. ಎದ್ದಾಗ ತಾಯಿ ಇಲ್ಲ. ಒಂದು ದಿನ ಅಲ್ಲ, ದಿನಾಲೂ. ಈ ವಯಸ್ಸಿನ ಕೂಸಿಗೆ ತಾಯಿ ಕಣ್ಣಿಗೆ ಕಾಣದಿದ್ದರೆ ಬಹಳ ಹೆದರಿಕೆ. ಹೋದವಳು ಸಂಜೆಗೆ ಬರುತ್ತಾಳೆ ಎಂಬ ಲೆಕ್ಕ ಅದಕ್ಕೆ ಗೊತ್ತಿಲ್ಲ. ಆದ್ದರಿಂದ ನಿದ್ದೆ ತೆಳುವಾದಾಗಲೆಲ್ಲ ಎದ್ದು ನೋಡುತ್ತದೆ. ಅವ್ವ ಇದ್ದಾಳೋ, ಹೋದಳೋ? ಅದು ಹಟ ಅಲ್ಲ, ಕಾವಲು.

ಇದನ್ನು ಹೇಳಿದಾಗ ತಂಗಿ ಅತ್ತಳು. ಕೆಲಸ ಬಿಡುತ್ತೇನೆ ಎಂದಳು. ಬೇಡ ಎಂದೆವು. ಕೆಲಸ ತಪ್ಪಲ್ಲ. ಹೇಳದೆ ಹೋಗುವುದನ್ನು ಮಾತ್ರ ಬಿಡಬೇಕು.

ಅವತ್ತಿನಿಂದ ಅವಳು ಹೊರಡುವ ಮುಂಚೆ ಕೂಸನ್ನು ಎಬ್ಬಿಸುತ್ತಿದ್ದಳು. ಎತ್ತಿಕೊಂಡು ಬಾಗಿಲ ತನಕ ಬಂದು, "ಅವ್ವ ಕೆಲಸಕ್ಕ ಹೋಗ್ತಾಳ. ಸಂಜಿಗಿ ದೀಪ ಹಚ್ಚೂ ಹೊತ್ತಿಗಿ ಬರ್ತಾಳ" ಎಂದು ದಿನಾ ಅದೇ ಮಾತು ಹೇಳುತ್ತಿದ್ದಳು. ಆಯಿಯ ಕೈಗೆ ಕೊಡುತ್ತಿದ್ದಳು. ಮೊದಲ ನಾಲ್ಕು ದಿನ ಕೂಸು ಓಣಿ ಕೇಳುವಂತೆ ಅತ್ತಿತು. ಅತ್ತೆ ಸೊಸೆಗೆ ಬೈದಳು. ಸೊಸೆ ನಮಗೆ ಬೈದಳು. ಐದನೇ ದಿನ ಅಳು ಕಡಿಮೆ ಆಯಿತು. ಎರಡನೇ ವಾರಕ್ಕೆ ಕೈ ಬೀಸಲು ಕಲಿಯಿತು. ಅವಳು ಉಟ್ಟು ಬಿಟ್ಟ ಹಳೆಯ ಸೀರೆಯ ತುಂಡೊಂದನ್ನು ಕೂಸಿನ ಹಾಸಿಗೆಯಲ್ಲಿ ಇಟ್ಟರು. ತಾಯಿಯ ವಾಸನೆ ಅದಕ್ಕೆ ಗೊತ್ತು.

ಸಂಜೆಯ ನಿದ್ದೆ ತಪ್ಪಿಸುವುದು ಅತ್ತೆಯ ಪಾಲಿಗೆ ಬಂತು. ಮಧ್ಯಾಹ್ನ ಉಂಡ ಮೇಲೆ 1ರಿಂದ 3ರ ತನಕ ಮಲಗಿಸಬೇಕು. ಆಮೇಲೆ ಬೇಡ. ಸಂಜೆ ಅಂಗಳದಲ್ಲಿ ಆಡಿಸಬೇಕು. ಇದು ಸುಲಭ ಅಲ್ಲ. ಸಂಜೆ ಅತ್ತೆಗೆ ರೊಟ್ಟಿ ಬಡಿಯುವ ಹೊತ್ತು. ಕೂಸು ಮಲಗಿದರೆ ಆಕೆಗೆ ಕೈ ಬಿಡುವು. ಹಾಗಾಗಿ ಗಂಡನ ಮಾತು ಬಂತು. ಅವನು ಸಂಜೆ ಮನೆಯಲ್ಲೇ ಇರುತ್ತಾನೆ, ಕಟ್ಟೆಯ ಮೇಲೆ ಕುಳಿತಿರುತ್ತಾನೆ. "ಕೂಸಿನ್ನ ಒಂದು ತಾಸು ತಿರಗಾಡಿಸ್ರಿ" ಎಂದು ಅವನ ತಾಯಿಯೇ ಹೇಳಿದಳು. ಹೆಂಡತಿ ಹೇಳಿದರೆ ಕೇಳುತ್ತಿದ್ದನೋ ಇಲ್ಲವೋ. ತಾಯಿ ಹೇಳಿದ್ದಕ್ಕೆ ಎದ್ದ.

ಚಾ ಬಗ್ಗೆ ನಿಮ್ಮ ಹತ್ತಿರ ಜಗಳ ಆಡಬೇಕಾಗಿದೆ. ನಮ್ಮ ಕಡೆ ಹಲ್ಲು ಬಾರದ ಕೂಸಿಗೂ ಚಾದಲ್ಲಿ ಬಿಸ್ಕೀಟು ಅದ್ದಿ ತಿನ್ನಿಸುತ್ತಾರೆ. ಚಾದಲ್ಲಿ ನಿದ್ದೆ ಓಡಿಸುವ ಗುಣ ಇದೆ. ಅದಕ್ಕೇ ಅಲ್ಲವೇ ನಾವು ಕುಡಿಯುವುದು? ಇನ್ನೊಂದು ಕೇಡೂ ಇದೆ. ಉಂಡ ಅನ್ನದಲ್ಲಿ, ಸೊಪ್ಪಿನಲ್ಲಿ ಇರುವ ಕಬ್ಬಿಣದ ಅಂಶ ಮೈಗೆ ಹತ್ತದ ಹಾಗೆ ಚಾ ತಡೆಯುತ್ತದೆ. ಕಬ್ಬಿಣ ಕಡಿಮೆಯಾದರೆ ರಕ್ತ ಕಡಿಮೆ. ರಕ್ತ ಕಡಿಮೆ ಇರುವ ಕೂಸು ರಾತ್ರಿ ಕಾಲು ಒದರುತ್ತದೆ, ಹೊರಳಾಡುತ್ತದೆ, ಕಿರಿಕಿರಿ ಮಾಡುತ್ತದೆ. 2019ರಿಂದ 2021ರ ತನಕ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ ಐದು ವರ್ಷದ ಒಳಗಿನ ಮಕ್ಕಳಲ್ಲಿ 100ಕ್ಕೆ 67 ಮಕ್ಕಳಿಗೆ ರಕ್ತ ಕಡಿಮೆ ಇತ್ತು. ಅಂದರೆ ಈ ಕೋಣೆಯಲ್ಲಿ ಮೂರು ಕೂಸು ಇದ್ದರೆ ಎರಡಕ್ಕೆ! ಆರು ತಿಂಗಳು ದಾಟಿದ ಕೂಸಿಗೆ ವಾರಕ್ಕೆ ಎರಡು ಸಲ ಹಾಕುವ ಕಬ್ಬಿಣದ ಔಷಧ ಸರಕಾರದಿಂದ ಪುಕ್ಕಟೆ ಬರುತ್ತದೆ. ಆಶಾ ಅಥವಾ ಅಂಗನವಾಡಿ ಟೀಚರನ್ನು ಕೇಳಿ. ಅದನ್ನು ಹಾಕಿದರೆ ಮಲ ಕಪ್ಪಾಗುತ್ತದೆ. ಹೆದರಬೇಡಿ. ಚಾ ಬದಲು ಹಾಲು ಕೊಡಿ, ಬಾಳೆಹಣ್ಣು ಕೊಡಿ. ಬಾಳೆಹಣ್ಣಿನ ಮೇಲಿನ ಆರೋಪ ನಾವು ಆಗಲೇ ತೆಗೆದುಹಾಕಿದ್ದೇವೆ.

ಎಲ್ಲ ಮನೆಯ ಕಾರಣ ಒಂದೇ ಇರುವುದಿಲ್ಲ. ನಮ್ಮ ಮನೆಯ ಕಥೆ ಬೇರೆ.

ನಮಗೂ ಒಬ್ಬ ಮಗಳು. ಅವಳಿಗೆ ಎರಡು ವರ್ಷ ಆದಾಗ ನಾವು ಕಲಬುರಗಿಯಲ್ಲಿ ಬಾಡಿಗೆ ಮನೆ ಬದಲಿಸಿದೆವು. ಮೇ ತಿಂಗಳು. ಕಲಬುರಗಿಯ ಮೇ ತಿಂಗಳು ನಿಮಗೆ ಹೇಳಬೇಕಾಗಿಲ್ಲ. ಹಗಲು 43-44 ಡಿಗ್ರಿ. ಹೊಸ ಮನೆಗೆ ಕಲ್ಲಿನ ಮಾಳಿಗೆ. ಹಗಲೆಲ್ಲ ಕಾದ ಕಲ್ಲು ರಾತ್ರಿ ಕೆಳಗೆ ಬೆಂಕಿ ಬಿಡುತ್ತದೆ. ಮೇಲೆ ಕರೆಂಟು ಹೋಗುವುದು. ಮಗಳು ರಾತ್ರಿ ಒಂದಾದರೂ ಮಲಗುತ್ತಿರಲಿಲ್ಲ. ಒಂದು ರಾತ್ರಿ ನಮಗೆ ತಡೆಯಲಾಗಲಿಲ್ಲ. ಕೂಸಿಗೆ ಹೊಡೆದೆವು. ಬೆನ್ನ ಮೇಲೆ ಐದು ಬೆರಳು ಮೂಡಿದವು. ತರಬೇತಿ ಪಡೆದ ಟೀಚರ್ ನಾವು. ಮಕ್ಕಳಿಗೆ ಹೊಡೆಯಬಾರದು ಎಂದು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡವರು. ಆ ಬೆರಳಿನ ಗುರುತು ಇನ್ನೂ ನಮ್ಮ ಕಣ್ಣ ಮುಂದೆ ಇದೆ.

ಮರುದಿನ ಬಾಯಿ ತೆರೆಸಿ ನೋಡಿದರೆ ಹಿಂದಿನ ದವಡೆ ಹಲ್ಲು ಬರುತ್ತಿತ್ತು. ವಸಡು ಕೆಂಪಗೆ ಊದಿತ್ತು. ಎರಡು ವರ್ಷದ ಆಸುಪಾಸಿನಲ್ಲಿ ಈ ಹಲ್ಲು ಬರುತ್ತವೆ. ಸೆಕೆ, ಹೊಸ ಮನೆ, ಹಲ್ಲು, ಮೂರೂ ಒಟ್ಟಿಗೆ ಬಿದ್ದಿದ್ದವು. ಸಂಜೆ ಮಾಳಿಗೆ ಮೇಲೆ ನೀರು ಹೊಡೆಯಲು ಶುರು ಮಾಡಿದೆವು. ಮಲಗುವ ಮುಂಚೆ ಮೈ ತೊಳೆದು ತೆಳು ಹತ್ತಿ ಅಂಗಿ ಹಾಕಿದೆವು. ಹಳೆಯ ಮನೆಯ ಅದೇ ಕೌದಿ ಹಾಸಿದೆವು. ಕೈ ತೊಳೆದು ಬೆರಳಿನಿಂದ ವಸಡು ಮೆತ್ತಗೆ ತಿಕ್ಕಿದೆವು. ಮೂರು ವಾರ ಹಿಡಿಯಿತು. ಮಾಳಿಗೆ ಮೇಲೆ ಮಲಗುವವರು ಕೂಸಿಗೆ ಸೊಳ್ಳೆಪರದೆ ಕಟ್ಟಿ, ಅಂಚಿನಿಂದ ದೂರ ಮಲಗಿಸಿ. ಬೇವಿನ ಹೊಗೆ, ಮೆಣಸಿನಕಾಯಿ ಹೊಗೆ ಕೂಸಿನ ಕೋಣೆಯಲ್ಲಿ ಬೇಡ. ಅದರ ಎದೆ ಸಣ್ಣದು.

ಜಂತುಹುಳದ ಮಾತನ್ನೂ ಹೇಳಿಬಿಡುತ್ತೇವೆ. ಬಿಳಿ ದಾರದಂಥ ಸಣ್ಣ ಹುಳ ರಾತ್ರಿ ಹೊತ್ತು ಗುದದ ಹತ್ತಿರ ಬಂದು ತತ್ತಿ ಇಡುತ್ತವೆ. ಆಗ ಕೂಸಿಗೆ ವಿಪರೀತ ತುರಿಕೆ. ಕೂಸು ಎದ್ದು ಅಲ್ಲಿ ಕೆರೆದುಕೊಂಡು ಅಳುತ್ತಿದ್ದರೆ ಬ್ಯಾಟರಿ ಹಿಡಿದು ನೋಡಿ, ಕಾಣುತ್ತವೆ. ಉಗುರು ಕತ್ತರಿಸಿ. 2015ರಿಂದ ಫೆಬ್ರವರಿ ಮತ್ತು ಆಗಸ್ಟ್ ತಿಂಗಳ 10ನೇ ತಾರೀಖಿನ ಸುಮಾರಿಗೆ ಅಂಗನವಾಡಿಯಲ್ಲಿ, ಶಾಲೆಯಲ್ಲಿ ಜಂತುಹುಳದ ಗುಳಿಗೆ ಕೊಡುತ್ತಾರೆ. ಒಂದರಿಂದ ಎರಡು ವರ್ಷದ ಕೂಸಿಗೆ ಅರ್ಧ ಗುಳಿಗೆ, ಪುಡಿ ಮಾಡಿ. ತಪ್ಪಿಸಬೇಡಿ.

ಇನ್ನು ನೆದರಿನ ಮಾತು. ಉಪ್ಪು ಇಳಿಸುವುದು, ಕಸಬರಿಗೆ ಇಳಿಸುವುದು, ತಾಯತ ಕಟ್ಟುವುದು ನಿಮ್ಮ ಮನೆಯ ರೂಢಿ. ಅದಕ್ಕೆ ನಾವು ಜಗಳಕ್ಕೆ ಬರುವುದಿಲ್ಲ. ಆದರೆ ಒಂದು ಸಂಗತಿ ತಿಳಿಯಿರಿ. ಕೆಲವು ಕೂಸುಗಳು ಮಲಗಿದ ಒಂದೆರಡು ತಾಸಿನಲ್ಲಿ ಇದ್ದಕ್ಕಿದ್ದಂತೆ ಚೀರಿ ಏಳುತ್ತವೆ. ಕಣ್ಣು ತೆರೆದಿರುತ್ತವೆ, ತಾಯಿಯ ಗುರುತು ಸಿಗುವುದಿಲ್ಲ. ಬೆವರುತ್ತವೆ, ಕೈಕಾಲು ಬಡಿಯುತ್ತವೆ. ನೋಡಿದವರಿಗೆ ಗಾಳಿ ಹಿಡಿಯಿತು ಅನಿಸುತ್ತದೆ. ಗಾಳಿ ಅಲ್ಲ. ಕೂಸಿನ ಅರ್ಧ ಮಿದುಳು ಎದ್ದಿದೆ, ಅರ್ಧ ಗಾಢ ನಿದ್ದೆಯಲ್ಲಿ ಇದೆ. ಅದನ್ನು ಅಲುಗಾಡಿಸಿ ಎಬ್ಬಿಸಬೇಡಿ, ಮುಖಕ್ಕೆ ನೀರು ಹೊಡೆಯಬೇಡಿ. ಬೀಳದಂತೆ ಪಕ್ಕದಲ್ಲಿ ಕುಳಿತುಕೊಳ್ಳಿ. ಸ್ವಲ್ಪ ಹೊತ್ತಿಗೆ ತಾನೇ ಮಲಗುತ್ತದೆ. ಬೆಳಿಗ್ಗೆ ಅದಕ್ಕೆ ನೆನಪಿರುವುದಿಲ್ಲ. ಬೆಳೆದಂತೆ ಹೋಗುತ್ತದೆ.

ಮೊಬೈಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡು ವರ್ಷದ ಒಳಗೆ ಬೇಡವೇ ಬೇಡ. ಮಲಗುವ ಮುಂಚೆ ಒಂದು ತಾಸು ಯಾರ ಕೈಯಲ್ಲೂ ಬೇಡ. ಕತ್ತಲೆಯಲ್ಲಿ ಮೈಯೊಳಗೆ ನಿದ್ದೆಯ ರಸ ಹುಟ್ಟುತ್ತದೆ. ಬೆಳಕು ಕಣ್ಣಿಗೆ ಬಿದ್ದರೆ ಹಗಲು ಎಂದು ತಿಳಿದು ಅದು ನಿಲ್ಲುತ್ತದೆ. ದೀಪ ಸಣ್ಣದು ಮಾಡಿ, ದಿನಾ ಒಂದೇ ಹೊತ್ತಿಗೆ, ಒಂದೇ ಕ್ರಮದಲ್ಲಿ ಮಲಗಿಸಿ. ಕೈಕಾಲು ತೊಳೆಯುವುದು, ಅಂಗಿ ಬದಲಿಸುವುದು, ಒಂದು ಜೋಗುಳ. ನಿಮಗೆ ಬರುವಷ್ಟು ಜೋಗುಳ ನಮಗೆ ಬರುವುದಿಲ್ಲ. ನಿಮ್ಮ ಅವ್ವ ಹಾಡಿದ್ದನ್ನೇ ಹಾಡಿ. ಕೂಸು ಪೂರ್ತಿ ಮಲಗುವ ಮುಂಚೆ, ಕಣ್ಣು ಎಳೆಯುವಾಗಲೇ ಹಾಸಿಗೆಯಲ್ಲಿ ಬಿಡಿ. ಅಲ್ಲೇ ಮಲಗಿದರೆ ಅಲ್ಲೇ ಎದ್ದು ಅಲ್ಲೇ ಮತ್ತೆ ಮಲಗುತ್ತದೆ. ಅತ್ತರೆ ಬೆನ್ನು ತಟ್ಟಿ. ಎತ್ತಿಕೊಂಡು ಅಂಗಳಕ್ಕೆ ತಂದು ಆಟ ಶುರು ಮಾಡಬೇಡಿ.

ಯಾವಾಗ ದವಾಖಾನೆಗೆ ಓಡಬೇಕು? ಜ್ವರ ಇದ್ದರೆ. ಮಲಗಿಸಿದ ಕೂಡಲೇ ಕಿವಿ ಹಿಡಿದು ಚೀರಿದರೆ. ಕಿವಿ ಸೋರಿದರೆ. ದಿನಾ ಗೊರಕೆ ಹೊಡೆದು, ನಡುವೆ ಉಸಿರು ನಿಂತಂತೆ ಆಗಿ ಗಕ್ಕನೆ ಎದ್ದರೆ. ಮೈ ಸೆಟೆದು ಫಿಟ್ಸ್ ಬಂದರೆ. ತೂಕ ಇಳಿಯುತ್ತಿದ್ದರೆ. ಎಬ್ಬಿಸಿದರೂ ಏಳದಿದ್ದರೆ ಆ ಕ್ಷಣವೇ 108. ನಿಮ್ಮ ನಿದ್ದೆಯ ಹಾಳೆಯನ್ನೂ ಡಾಕ್ಟರಿಗೆ ತೋರಿಸಿ. ನಮ್ಮ ತಂಗಿ ತೋರಿಸಿದಾಗ ಡಾಕ್ಟರು ಅದನ್ನು ಎರಡು ಸಲ ಓದಿದರಂತೆ. "ಯಾರು ಬರದಾರ?" ಎಂದರಂತೆ. "ನಾನೇ ಬರದೀನ್ರಿ" ಎಂದಳಂತೆ. ಇದನ್ನು ನಮಗೆ ಹೇಳುವಾಗ ಅವಳ ಮುಖ ನೋಡಬೇಕಿತ್ತು.

ತಾಯಂದಿರೇ, ನಿಮ್ಮ ಬಗ್ಗೆಯೂ ಒಂದು ಮಾತು. ಹದಿನೈದು ರಾತ್ರಿ ನಿದ್ದೆ ಇಲ್ಲದ ಹೆಂಗಸಿಗೆ ಸಿಟ್ಟು ಬರುತ್ತದೆ. ನಮಗೂ ಬಂದಿತ್ತು. ಕೈ ಎತ್ತುವ ಹಾಗೆ ಆದರೆ ಕೂಸನ್ನು ಬೀಳದ ಜಾಗದಲ್ಲಿ ಮಲಗಿಸಿ ಹೊರಗೆ ಬನ್ನಿ. ಒಂದು ಚರಿಗೆ ನೀರು ಕುಡಿಯಿರಿ. ಐದು ನಿಮಿಷ ಕೂಸು ಅತ್ತರೆ ಏನೂ ಆಗುವುದಿಲ್ಲ. ಸಿಟ್ಟಿನಲ್ಲಿ ಹಿಡಿದು ಜೋರಾಗಿ ಅಲುಗಾಡಿಸಿದರೆ ಕೂಸಿನ ಮಿದುಳಿಗೆ ಪೆಟ್ಟು ಬೀಳುತ್ತದೆ, ಜೀವಕ್ಕೂ ಅಪಾಯ. ವಾರದಲ್ಲಿ ಎರಡು ರಾತ್ರಿ ಗಂಡ ಎದ್ದು ನೋಡಲಿ. ಒಂದು ರಾತ್ರಿ ಅತ್ತೆ ನೋಡಲಿ. ಮನಸ್ಸು ಬಹಳ ಕುಗ್ಗಿದರೆ, ಬದುಕು ಸಾಕು ಅನಿಸಿದರೆ 14416ಕ್ಕೆ ಫೋನ್ ಮಾಡಿ. ಸರಕಾರದ್ದು, ಪುಕ್ಕಟೆ. ಕನ್ನಡದಲ್ಲಿ ಮಾತಾಡುತ್ತಾರೆ.

ಆ ಕೂಸು ಈಗ ರಾತ್ರಿ 9ಕ್ಕೆ ಮಲಗುತ್ತದೆ. ಒಮ್ಮೆ ಏಳುತ್ತದೆ, ಸೀರೆಯ ತುಂಡು ಹಿಡಿದುಕೊಂಡು ಮತ್ತೆ ಮಲಗುತ್ತದೆ. ಹೋದ ತಿಂಗಳು ನೆಗಡಿ ಬಂದಾಗ ನಾಲ್ಕು ದಿನ ಮತ್ತೆ ನಿದ್ದೆ ಕೆಟ್ಟಿತ್ತು. ತಂಗಿ ಹೆದರಲಿಲ್ಲ. ಹಾಳೆ ತೆಗೆದು ಬರೆಯಲು ಕುಳಿತಳು.

ಈಗ ಒಂದೊಂದು ಹಾಳೆ ಕೊಡುತ್ತೇವೆ. ನಾಲ್ಕು ಗೆರೆ ಎಳೆಯಿರಿ. ಮೇಲೆ ಕೂಸಿನ ಹೆಸರು ಬರೆಯಿರಿ. ಮನೆಯಲ್ಲಿ ಕೂಸು ಇಲ್ಲದವರು ಪಕ್ಕದ ಮನೆಯ ಕೂಸಿನದು ಬರೆಯಿರಿ. ಬುಧವಾರ ತನ್ನಿ, ಕುಳಿತು ನೋಡೋಣ. ಕಡೆಯ ಸಾಲಿನ ಆಯಿ ಏನೋ ಕೇಳಬೇಕು ಅಂತ ಕೈ ಎತ್ತಿದ್ದಾರೆ. ಕೇಳ್ರಿ ಆಯಿ. ಮೆತ್ತಗ ಮಾತಾಡ್ರಿ, ನಿಮ್ಮ ಮೊಮ್ಮಗಳು ಮಲಗ್ಯಾಳ.